ಹ ಇಲ್ಲದ ಮನೆ

ಜೂನ್ 9, ಸೋಮವಾರ

ಗ್ಯಾಸ್ ಬುಕ್ ಮಾಡುವ ಆ್ಯಪ್ ಬರೆದವನು ಜನ್ಮದಲ್ಲಿ ಒಲೆ ಹಚ್ಚಿಲ್ಲ. ಇವತ್ತು ಪಳನಿ ತಾತ ಅಂಗಡಿಗೆ ಬಂದು ಫೋನನ್ನು ನನ್ನ ಮುಖಕ್ಕೆ ಹಿಡಿದು ನಿಂತರು. ಸಿಲಿಂಡರ್ ಬೇಕು ಅನ್ನುವ ಮೊದಲು ಹೆಸರು ಬೇಕಂತೆ, ಆಮೇಲೆ ಪಾಸ್‌ವರ್ಡ್, ಆಮೇಲೆ ಯಾವುದೋ ಹಬ್ಬದ ಶುಭಾಶಯ, ಆಮೇಲೆ ಹೊಸ ಸ್ಟವ್‌ನ ಜಾಹೀರಾತು. ಬುಕ್ ಮಾಡುವ ಬಟನ್ ಎಲ್ಲಕ್ಕಿಂತ ಕೆಳಗೆ, ಬೂದು ಬಣ್ಣದಲ್ಲಿ. ತಾತನ ಕಣ್ಣಿಗೆ ಬೂದು ಕಾಣುವುದಿಲ್ಲ. ನಾನು ಮಾಡಿದ್ದರೆ ತೆರೆದ ಕೂಡಲೇ ಪರದೆ ತುಂಬ ಒಂದು ಸಿಲಿಂಡರ್ ಚಿತ್ರ ಇರುತ್ತಿತ್ತು. ಮುಟ್ಟು, ಬರುತ್ತದೆ. ಅಷ್ಟೆ.

ಸೆಲ್ವಂಗೆ ಇದನ್ನು ಹೇಳಿದೆ. ಅಂಗಡಿ ಅವನದು. ಫೋನ್ ರಿಪೇರಿ, ರೀಚಾರ್ಜ್, ಕವರ್. ನಮ್ಮ ಬೀದಿಯವನೇ, ಕನ್ನಡದ ನಡುವೆ ದೊಡ್ಡ ಅನ್ನಲು "ಪೆರಿಯ" ಅನ್ನುವಂಥವನು.

"ಓಹೋ, ಪೆರಿಯ ಇಂಜಿನಿಯರಮ್ಮ! ಮೊದ್ಲು ಆ ಡಿಸ್‌ಪ್ಲೇನ ಒಡೀದೆ ಬಿಚ್ಚು. ಆಮ್ಯಾಕೆ ದೇಶ ಉದ್ಧಾರ ಮಾಡೀವಂತೆ."

ಒಡೆಯದೆ ಬಿಚ್ಚಿದೆ.

ಕನ್ನಡದಲ್ಲಿ ಬರೆಯುತ್ತಿರುವುದು ಪ್ರೀತಿಯಿಂದಲ್ಲ. ತಮಿಳಲ್ಲಿ ಬರೆದರೆ ಸೆಲ್ವಂ ಓದುತ್ತಾನೆ. ಸೇಲಂನ ಈ ಅಮ್ಮಾಪೇಟೆಯಲ್ಲಿ ನಮ್ಮ ನೇಕಾರರ ಬೀದಿ ಪೂರ್ತಿ ಮನೆಯೊಳಗೆ ಕನ್ನಡ ಆಡುತ್ತದೆ, ಒಬ್ಬರಿಗೂ ಅಕ್ಷರ ಗೊತ್ತಿಲ್ಲ. ಅಮ್ಮ ಕೊಳ್ಳೇಗಾಲದಿಂದ ಬಂದವಳು, ಅಲ್ಲಿ ಶಾಲೆಗೆ ಹೋದವಳು. ನನಗೆ ಕಲಿಸಿದಳು. ಇದಕ್ಕಿಂತ ಒಳ್ಳೆಯ ಪಾಸ್‌ವರ್ಡ್ ಯಾವ ಕಂಪನಿಯೂ ಕೊಡುವುದಿಲ್ಲ. ಹೊರಗೆ ನಾನು ಆಡುವುದು ತಮಿಳೇ.

ಮನೆಯಲ್ಲಿ ಮೂವರು. ನಾನು, ಅಮ್ಮ, ಮಗ್ಗದವರು. ಮಗ್ಗದವರು ಎಂದರೆ ನನ್ನನ್ನು ಹುಟ್ಟಿಸಿದವರು. ಹತ್ತನೇ ತರಗತಿಯ ನಡುವೆ ನನ್ನನ್ನು ಶಾಲೆಯಿಂದ ಬಿಡಿಸಿ ಮಗ್ಗದ ಪಕ್ಕ ಕೂರಿಸಿದವರು. ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು, ದಾರ ಸುತ್ತಲು ಕೈ ಬೇಕಿತ್ತು. ಅಮ್ಮ ಎದ್ದು ಓಡಾಡಿದ ಮೇಲೂ ಶಾಲೆಗೆ ಹೋಗು ಅನ್ನಲಿಲ್ಲ. ಆಮೇಲೆ ನಾನೇ ಮಗ್ಗ ಬಿಟ್ಟು ಸೆಲ್ವಂ ಅಂಗಡಿ ಸೇರಿದೆ. ಅವರ ಜೊತೆ ಮಾತು ಬಿಟ್ಟು ಎರಡು ವರ್ಷ. ಬೇಕಾದ್ದನ್ನು ಅಮ್ಮನಿಗೆ ಹೇಳುತ್ತೇನೆ, ಅಮ್ಮ ಅವರಿಗೆ ಹೇಳುತ್ತಾಳೆ. ಉತ್ತರವೂ ಅದೇ ದಾರಿಯಲ್ಲಿ ಬರುತ್ತದೆ. ಚೆನ್ನಾಗಿ ನಡೆಯುತ್ತಿದೆ.

ಜೂನ್ 14, ಶನಿವಾರ

ಗುರುವಾರ ಬೆಳಗ್ಗೆ ಮಗ್ಗದ ಸದ್ದು ನಿಂತಿತು. ನಾನು ಹಲ್ಲುಜ್ಜುತ್ತಿದ್ದೆ. ದಾರ ಕಡಿದಿರಬೇಕು ಅಂದುಕೊಂಡೆವು. ಬಹಳ ಹೊತ್ತು ಶುರುವಾಗಲಿಲ್ಲ. ಹೋಗಿ ನೋಡಿದರೆ ಮಗ್ಗದ ಮುಂದೆ ಕಾಲು ಇಳಿಬಿಡುವ ಗುಂಡಿಯೊಳಗೆ ಬಲಕ್ಕೆ ವಾಲಿಕೊಂಡು ಕೂತಿದ್ದರು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಅರ್ಧ ನೇಯ್ದ ರೇಷ್ಮೆ ಪಂಚೆಯ ಮೇಲೆ ಜೊಲ್ಲು.

ಮಗ್ಗದ ಗುಂಡಿಯಿಂದ ಒಬ್ಬ ಮನುಷ್ಯನನ್ನು ಎತ್ತುವುದು ಕಷ್ಟ. ಪಕ್ಕದ ಮನೆಯವರು ಬಂದರು. ಆಸ್ಪತ್ರೆಗೆ ಸೇರಿಸಿದೆವು.

ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆಯಂತೆ. ಬಲಗೈ ಬಲಗಾಲು ಇಲ್ಲ. ಮಾತೂ ಇಲ್ಲ. ನಿನ್ನೆ ಕಣ್ಣು ಬಿಟ್ಟು ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, "ಏಳು" ಅಂದರು.

ಅಮ್ಮ ಓಡಿಹೋಗಿ ಭುಜ ಹಿಡಿದಳು. "ಏಳ್ಬೇಕಾ? ಬ್ಯಾಡ ಕಣ್ರೀ, ಎದ್ದೇಳಂಗಿಲ್ವಂತೆ. ಮಲೀಕಳಿ."

"ಏಳು."

ನರ್ಸ್ ಗಡಿಯಾರ ನೋಡಿದಳು. ತಮಿಳಿನಲ್ಲೂ ಲೆಕ್ಕದ ಏಳು ಏಳೇ. "ಏಳಾ? ಇನ್ನುಂ ಮಣಿ ಅಞ್ಜು ದಾನಪ್ಪಾ" ಅಂದಳು, ಗಂಟೆ ಇನ್ನೂ ಐದು ಎಂದು.

ನನಗೆ ಅಳು ಬರಲಿಲ್ಲ. ಬರೆದಿಡುತ್ತಿದ್ದೇನೆ, ಅಷ್ಟೆ.

ಜೂನ್ 23, ಸೋಮವಾರ

ಮನೆಗೆ ಕರೆತಂದೆವು. ಮಂಚ ಮಗ್ಗದ ಪಕ್ಕ ಹಾಕಿದೆವು, ಬೇರೆ ಜಾಗವಿಲ್ಲ.

ವಿಚಿತ್ರ ಏನೆಂದರೆ ತಮಿಳು ಹೋಗಿದೆ. ಪೂರ್ತಿ. ಹುಟ್ಟಿದ್ದು ಸೇಲಂ, ಬೆಳೆದದ್ದು ಸೇಲಂ, ರೇಷ್ಮೆ ಅಂಗಡಿಯವರ ಜೊತೆ ತಮಿಳಲ್ಲಿ ಜಗಳವಾಡಿಯೇ ಬದುಕಿದವರು. ಈಗ ಡಾಕ್ಟರ್ ಮಾತಾಡಿದರೆ ರೇಡಿಯೋ ಕರಕರ ಅನ್ನುವಾಗ ನೋಡುವಂತೆ ನೋಡುತ್ತಾರೆ. ಅಮ್ಮ ಕನ್ನಡದಲ್ಲಿ "ಕಣ್ಣು ಮುಚ್ಚಿ" ಅಂದರೆ ಮುಚ್ಚುತ್ತಾರೆ.

ಮಾತಿನ ತರಬೇತಿ ಕೊಡುವ ಜಯಪ್ರಿಯಾ ಮೇಡಂ ಮನೆಗೆ ಬಂದರು. ಹೀಗೂ ಆಗುತ್ತದಂತೆ, ಎರಡು ಭಾಷೆಯವರಿಗೆ ಒಂದು ಹೋಗಿ ಒಂದು ಉಳಿಯುವುದು. ಅವರಿಗೆ ಕನ್ನಡ ಬರುವುದಿಲ್ಲ, ಅದಕ್ಕೇ ಚಿತ್ರ ಒತ್ತಿದರೆ ಮಾತು ಬರುವ ಒಂದು ಆ್ಯಪನ್ನು ಫೋನಿಗೆ ಹಾಕಿಕೊಟ್ಟರು. ಹೋಗುವಾಗ ಬಾಗಿಲ ಹತ್ತಿರ ನಿಲ್ಲಿಸಿ ತಮಿಳಲ್ಲಿ ಹೇಳಿದರು: ಮೊದಲ ಕೆಲವು ತಿಂಗಳು ಮುಖ್ಯ. ಮಾತಾಡಬೇಕು ಅನ್ನುವ ಆಸೆ ಅವರಿಗೆ ಇರಬೇಕು. ಅದು ಹೋದರೆ ಈಗಿರುವ ಒಂದು ಮಾತೂ ಹೋಗುತ್ತದೆ.

ಒಂದು ಮಾತು ಎಂದರೆ "ಏಳು". ಎತ್ತಿ ಕೂರಿಸಿದರೂ ಏಳು. ಮಲಗಿಸಿದರೂ ಏಳು.

ಜೂನ್ 27, ಶುಕ್ರವಾರ

ಆ ಆ್ಯಪ್‌ನ ತಲೆ ಒಡೆಯಬೇಕು.

ಊಟ ಎಂದು ಒತ್ತಿದರೆ ಬ್ರೆಡ್ಡಿನ ನಡುವೆ ಸೊಪ್ಪು ಇಟ್ಟ ಚಿತ್ರ. ಕಕ್ಕಸು ಎಂದರೆ ಕುರ್ಚಿಯ ಹಾಗಿರುವ ಬಿಳಿ ವಸ್ತು, ನಮ್ಮ ಮನೆಯಲ್ಲಿ ಅಂಥದ್ದಿಲ್ಲ. ಬೆರಳು ಒಂದು ಚೂರು ಸರಿದರೆ ಪುಟ ತಿರುಗಿ ಹಿಮದ ಬೆಟ್ಟ ಬರುತ್ತದೆ. ಎರಡು ವಾರದ ಹಿಂದೆ ಪಾರ್ಶ್ವವಾಯು ಹೊಡೆದ ಮನುಷ್ಯ ಹಿಮದ ಬೆಟ್ಟ ಒತ್ತಿ ಏನು ಕೇಳಬೇಕು?

ಮಗ್ಗದವರು ಎಡಗೈಯಲ್ಲಿ ಫೋನ್ ಎತ್ತಿ ಮಗ್ಗದ ಗುಂಡಿಗೆ ಎಸೆದರು. ಜೀವನದಲ್ಲಿ ಮೊದಲ ಸಲ ನಾವಿಬ್ಬರೂ ಒಂದೇ ಅಭಿಪ್ರಾಯದಲ್ಲಿದ್ದೆವು.

ಗಾಜು ಒಡೆದಿದೆ. ನಾನೇ ಹಾಕುತ್ತೇನೆ. ಆ್ಯಪನ್ನೂ ನಾನೇ ಮಾಡುತ್ತೇನೆ. ಅವರಿಗಾಗಿ ಅಲ್ಲ. ಕೆಟ್ಟದಾಗಿ ಮಾಡಿದ್ದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಜುಲೈ 6, ಭಾನುವಾರ

ಕಾರಿಮಂಗಲಂನಿಂದ ಪೂಂಗೊಡಿ ಅತ್ತೆ ಬಂದರು, ಮಗ್ಗದವರ ತಂಗಿ. ಚೀಲದಲ್ಲಿ ತೆಂಗಿನಕಾಯಿ. ಬಾಗಿಲಲ್ಲೇ ಶುರು.

"ಏಳು ಅಂತಾನಲ್ಲ, ನಿಂಗೆ ಬುದ್ಧಿ ಬ್ಯಾಡ್ವಾ ಅತ್ಗೆ? ಅರಕೆ ಒತ್ಕಂಡವ್ನೆ ಕಣೆ ಅಣ್ಣ! ಏಳ್ ಕಾಯಿ ಒಡೀತೀನಿ ಅಂದಿರ್ತಾನೆ, ಮರ್ತವ್ನೆ. ಸಾಮಿ ಬುಡ್ತದಾ?"

ಅಮ್ಮ ಪಾಪ, "ಯಾವ ಸಾಮಿಗೆ ಪೂಂಗೊಡಿ?" ಅಂದಳು.

"ಎಲ್ಲಾ ಸಾಮಿಗೂ ಒಡ್ದುಬುಡಾನ. ಯಾವ್ದಕ್ಕಾದ್ರೂ ತಾಕ್ತದೆ."

ಬೀದಿಯಲ್ಲಿ ಏಳು ಕಾಯಿ ಒಡೆದರು. ಒಂದು ಚೂರು ಸಿಡಿದು ಸೆಲ್ವಂನ ಬೈಕಿಗೆ ತಾಗಿತು. ಒಳಗೆ ಬಂದು ಅಣ್ಣನ ಹಣೆಗೆ ಕುಂಕುಮ ಹಚ್ಚಿ, "ಆಯ್ತಪ್ಪಾ, ಏಳೂ ಒಡ್ದಾಯ್ತು, ಈಗ ಸಮಾಧಾನಾನಾ?" ಅಂದರು.

ಮಗ್ಗದವರು ಅವರನ್ನು ದಾಟಿ ನನ್ನ ಕಡೆ ನೋಡಿ, "ಏಳು" ಅಂದರು.

"ಇನ್ನೂ ಏಳಾ?" ಅಂದರು ಅತ್ತೆ. "ಕಾಯಿ ಬೆಲೆ ಗೊತ್ತೈತಾ ನಿಂಗೆ?"

ರಾತ್ರಿಗೆ ಮೂರು ಥರದ ತೆಂಗಿನಕಾಯಿ ಚಟ್ನಿ. ಮಗ್ಗದವರು ಎರಡು ತುತ್ತು ತಿಂದು ಬಾಯಿ ಮುಚ್ಚಿಕೊಂಡರು. ತೂಕ ಇಳಿಯುತ್ತಿದೆ.

ಜುಲೈ 13, ಭಾನುವಾರ

ಅಂಗಡಿಯ ಹಳೆಯ ಲ್ಯಾಪ್‌ಟಾಪ್ ಮನೆಗೆ ತಂದಿದ್ದೇನೆ. ಕೋಡ್ ಬರೆಯದೆ, ತುಂಡುಗಳನ್ನು ಎಳೆದು ಜೋಡಿಸಿ ಆ್ಯಪ್ ಮಾಡುವ ಉಚಿತ ದಾರಿ ಒಂದಿದೆ. ಅರ್ಥವಾಗದ ಇಂಗ್ಲಿಷ್ ಪದಗಳಿಗೆ ತಮಿಳು ವಿಡಿಯೋ ನೋಡಿದೆ.

ಪುಟ ಒಂದೇ. ಸರಿಸುವುದಿಲ್ಲ, ತಿರುಗುವುದಿಲ್ಲ. ದೊಡ್ಡ ಚಿತ್ರಗಳು, ಎಲ್ಲ ಎಡಗೈ ಹೆಬ್ಬೆರಳಿಗೆ ಸಿಗುವ ಕಡೆ. ಚಿತ್ರ ನಮ್ಮ ಮನೆಯದ್ದೇ: ನಮ್ಮ ಚೊಂಬು, ನಮ್ಮ ಬಚ್ಚಲಿನ ತಗಡಿನ ಬಾಗಿಲು, ನಮ್ಮ ಫ್ಯಾನು, ನಮ್ಮ ಅನ್ನದ ತಟ್ಟೆ. ನೋವಿಗೆ ಅಮ್ಮನ ಮುಖ ಬೇಕಿತ್ತು.

"ಅಲ್ಲುನೋವು ಬಂದೋಳಂಗೆ ಮಾಡು" ಅಂದೆ.

"ಬಂದ್ರೆ ತಾನೆ ಮಾಡಾದು" ಎಂದು ನಕ್ಕಳು. ಕೈ ಚಿವುಟಿದೆ. ಆಗ ಬಂತು ಸರಿಯಾದ ಚಿತ್ರ.

ದನಿ ಕಷ್ಟವಾಯಿತು. ಫೋನಿನಲ್ಲೇ ಇರುವ ಕನ್ನಡ ಹೆಂಗಸಿನ ದನಿ ಹಾಕಿ ನೋಡಿದೆ. "ನನಗೆ ಕುಡಿಯಲು ನೀರು ಬೇಕಾಗಿದೆ" ಅಂದಳು ಅವಳು.

ಅಮ್ಮ ಅಡುಗೆಮನೆಯಿಂದ ಇಣುಕಿದಳು. "ಯಾರ್ಲೇ ಅವ್ಳು? ಕೋರ್ಟಲ್ಲಿ ಸಾಕ್ಸಿ ಏಳಾಕ್ ನಿಂತೋಳಂಗೆ ನೀರ್ ಕೇಳ್ತಾವ್ಳೆ!"

ಸರಿ, ಅವಳು ಬೇಡ. ಅಮ್ಮನನ್ನು ರೆಕಾರ್ಡ್ ಮಾಡಲು ಹೋದರೆ ಮೈಕ್ ಕಂಡ ಕೂಡಲೇ ನಗುತ್ತಾಳೆ. ಸೆಲ್ವಂ ಬಂದು ಗಂಡಸಿನ ದನಿ ನಾನು ಕೊಡುತ್ತೇನೆ ಎಂದು ಗಂಟಲು ಸರಿಮಾಡಿಕೊಂಡು, ನೀರು ಕೊಡು ಅನ್ನುವುದಕ್ಕೆ "ತಣ್ಣಿ ಕುಡು" ಅಂದ. ಬರೀ ತಮಿಳು. ಓಡಿಸಿದೆ.

ಕೊನೆಗೆ ನನ್ನದೇ ದನಿ. ನೀರ್ ಕೊಡಿ. ಅನ್ನ ಆಕಿ. ವೊರಕ್ಕೆ ಓಗ್ಬೇಕು. ಸೆಕೆ ಆಯ್ತದೆ. ನೋಯ್ತೈತೆ. ಮಂಚದ ಪಕ್ಕವೇ ನಿಂತು ರೆಕಾರ್ಡ್ ಮಾಡಿದೆ, ಬೀದಿಯ ಪವರ್‌ಲೂಮ್ ಸದ್ದು ಆ ಮೂಲೆಯಲ್ಲಿ ಕಡಿಮೆ. ಮಗ್ಗದವರು ಗೋಡೆ ಕಡೆ ತಿರುಗಿದ್ದವರು ತಲೆ ಈ ಕಡೆ ತಂದರು. ಮುಗಿಯುವವರೆಗೆ ಕಣ್ಣು ಮಿಟುಕಿಸಲಿಲ್ಲ.

ಜುಲೈ 17, ಗುರುವಾರ

ಕೆಲಸ ಮಾಡುತ್ತಿದೆ. ಫ್ಯಾನ್ ಒತ್ತಿದರು, ಫ್ಯಾನ್ ಹಾಕಿದೆವು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಫ್ಯಾನಿಗೆ ಅಳುವುದು ಏನಿದೆಯೋ.

ಜಯಪ್ರಿಯಾ ಮೇಡಂ ಚಿತ್ರಗಳನ್ನು ಒಂದೊಂದೇ ಒತ್ತಿ ನೋಡಿದರು. "ಸೂಪರ್ ಮಾ. ಯಾರು ಸೊಲ್ಲಿ ಕುಡುತ್ತಾಂಗ?" ಯಾರು ಹೇಳಿಕೊಟ್ಟರು ಎಂದು. ಯಾರೂ ಇಲ್ಲ ಎಂದೆ. ಕಡಯಂಪಟ್ಟಿ ಕಡೆ ಕುರಿ ಸಾಕುವ ಕನ್ನಡದ ಮನೆಯೊಂದಿದೆ, ರಾಮಕ್ಕ ಎಂಬ ಮುದುಕಿಗೂ ಹೀಗೇ ಆಗಿದೆ, ಅವರಿಗೂ ಮಾಡಿಕೊಡುತ್ತೀಯಾ ಅಂದರು. ಅವರ ಮನೆಯ ಚೊಂಬಿನ ಫೋಟೋ ಕಳಿಸಲಿ, ಮಾಡುತ್ತೇನೆ ಎಂದೆ. ನಮ್ಮ ಚೊಂಬು ಅವರಿಗೆ ಯಾಕೆ?

ಜುಲೈ 24, ಗುರುವಾರ

ದೋಷ ಇದೆ. ನೀರು ಒತ್ತುತ್ತಾರೆ. ತಂದರೆ ಕುಡಿಯುವುದಿಲ್ಲ. ಫ್ಯಾನ್ ಓಡುತ್ತಿದ್ದರೂ ಸೆಕೆ ಒತ್ತುತ್ತಾರೆ. ಅನ್ನ ಒತ್ತಿ, ತಟ್ಟೆ ಬಂದರೆ ತಳ್ಳುತ್ತಾರೆ. ನಾನು ಅಂಗಡಿಯಲ್ಲಿದ್ದಾಗ ಇನ್ನೂ ಜಾಸ್ತಿ ಎಂದಳು ಅಮ್ಮ. "ದಿನವೆಲ್ಲಾ ಅದ್ನೇ ಒತ್ಕಂಡು ಕುಂತಿರ್ತಾರೆ ಕಣೆ. ನೀರ್ ಕೊಡಿ, ನೀರ್ ಕೊಡಿ. ನೀನು ಮನೇಲಿ ಇದ್ದಂಗೇ ಐತೆ ನಂಗೆ."

ಬೆರಳು ನಡುಗಿ ಒತ್ತಿಹೋಗುತ್ತಿರಬೇಕು. ಸ್ವಲ್ಪ ಹೊತ್ತು ಹಿಡಿದರೆ ಮಾತ್ರ ದನಿ ಬರುವ ಹಾಗೆ ಬದಲಾಯಿಸಿದೆ. ಈಗ ಹಿಡಿದುಕೊಂಡೇ ಇರುತ್ತಾರೆ.

ಒಮ್ಮೆ ಒತ್ತಿದ ಮೇಲೆ ಸ್ವಲ್ಪ ಹೊತ್ತು ಬಟನ್ ಸತ್ತಂತೆ ಇರಲಿ ಎಂದು ಮಾಡಿದೆ. ಅಪ್ಪ ಸಿಟ್ಟಿನಿಂದ ಮಂಚದ ಚೌಕಟ್ಟಿಗೆ ಎಡಗೈ ಬಡಿದು "ಏಳು, ಏಳು" ಎಂದು ಕೂಗಿದರು. ಮತ್ತೆ ಮೊದಲಿನಂತೆಯೇ ಮಾಡಿದೆ.

ಬಳಸುವವನನ್ನು ಬೈಯಬಾರದು, ತಪ್ಪು ಯಾವಾಗಲೂ ಮಾಡಿದವನದು. ನಾನೇ ಎಷ್ಟೋ ಸಲ ಹೇಳಿದ್ದು. ಆದರೆ ತಪ್ಪು ಎಲ್ಲಿದೆ?

ಜುಲೈ 30, ಬುಧವಾರ

ಊಟ ಇನ್ನೂ ಕಡಿಮೆ. ಜಯಪ್ರಿಯಾ ಮೇಡಂ ಇವತ್ತು ನಗಲಿಲ್ಲ. ಮೂಗಿನಲ್ಲಿ ನಳಿಗೆ ಹಾಕಬೇಕಾಗಬಹುದು ಎಂದರು. ನೀರು, ಅನ್ನ, ಬಚ್ಚಲು ಎಲ್ಲ ಕೇಳಬಲ್ಲರು, ಸರಿ. ಕೇಳಬೇಕಾದ್ದು ಅದಲ್ಲ, ಇನ್ನೇನೋ ಇದೆ. ಅದು ಯಾರಿಗೂ ತಿಳಿಯುತ್ತಿಲ್ಲ ಎಂದು ಅಪ್ಪ ಆಸೆ ಬಿಡುತ್ತಿದ್ದಾರೆ. ಆ ಏಳು ಏನೆಂದು ಕಂಡುಹಿಡಿಯಮ್ಮ, ಎಂದರು.

ಎದ್ದೇಳು ಅಲ್ಲ. ಕೂರಿಸಿದ್ದೇವೆ, ನಿಲ್ಲಿಸಿದ್ದೇವೆ, ಕುರ್ಚಿಯಲ್ಲಿ ಬೀದಿಗೆ ಕರೆದುಕೊಂಡು ಹೋಗಿದ್ದೇವೆ. ಲೆಕ್ಕದ ಏಳೂ ಅಲ್ಲ. ಗಂಟೆ, ತಾರೀಕು, ಏಳನೇ ಮನೆಯ ಮಾರಿಯಪ್ಪ, ಎಲ್ಲ ತೋರಿಸಿಯಾಯಿತು. ಮಾರಿಯಪ್ಪ ಎರಡು ಬಾಳೆಹಣ್ಣು ಕೊಟ್ಟು ಹೋದ.

ಅಪ್ಪನ ನಾಲಿಗೆ ತೊದಲುತ್ತದಲ್ಲ, ಅದು ಬೇರೆ ಯಾವುದೋ ಪದವಿರಬಹುದು ಎಂದು ಮಾತು ಕೇಳಿ ತಾನೇ ಬರೆಯುವ ಸಾಫ್ಟ್‌ವೇರ್ ಹಾಕಿ ಫೋನನ್ನು ಬಾಯಿಯ ಹತ್ತಿರ ಹಿಡಿದೆ. ಅದು ಇನ್ನೊಂದು ದರಿದ್ರ. ಬೆಂಗಳೂರಿನವರ ಕನ್ನಡ ಕೇಳಿ ಕಲಿತದ್ದು. ನಮ್ಮ ಮನೆಯಲ್ಲಿ ಹ ಎನ್ನುವ ಅಕ್ಷರವನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ನಾನು "ಓಗು" ಅಂದರೆ ಅದು "ಹೋಗು" ಎಂದು ತಿದ್ದುತ್ತದೆ. "ಅಲ್ಲು" ಅಂದರೆ "ಹಲ್ಲು". ಟೀಚರ್ ಥರ.

ಅಪ್ಪ "ಏಳು" ಅಂದರು. ಪರದೆಯಲ್ಲಿ "ಹೇಳು" ಎಂದು ಬಂತು. ಮತ್ತೆ ಅಂದರು. ಮತ್ತೆ "ಹೇಳು".

ಮನುಷ್ಯನ ಬಾಯಲ್ಲಿರುವುದೇ ಒಂದು ಪದ, ಅದನ್ನೂ ತಿದ್ದುತ್ತದೆ ನಾಯಿ. ಅಳಿಸಿಹಾಕಿದೆ.

ಆಗಸ್ಟ್ 1, ಶುಕ್ರವಾರ

ಬರೆಯಲು ಏನೂ ಇಲ್ಲ. ಗಂಜಿ ಮಾತ್ರ ಕುಡಿದರು, ಅದೂ ಅರ್ಧ.

ಆಗಸ್ಟ್ 3, ಭಾನುವಾರ

ಬೆಳಗ್ಗೆ ಗಂಜಿ ಕುಡಿಸಲು ಕೂರಿಸುತ್ತಿದ್ದೆ. ಅಪ್ಪ ಎಡಗೈ ಎತ್ತಿ ಅಂಗೈಯನ್ನು ನನ್ನ ಬಾಯಿಯ ಮೇಲೆ ಇಟ್ಟರು. ಒತ್ತಿ ಇಟ್ಟರು. ನನಗೆ ತಲೆ ಸಿಡಿಯಿತು. ಮಲಗಿದಲ್ಲಿಂದಲೂ ನನ್ನ ಬಾಯಿ ಮುಚ್ಚಿಸಬೇಕಾ? ಕೈ ಕಿತ್ತು ಹಾಕಿ, ಗಂಜಿಯ ಲೋಟ ನೆಲಕ್ಕೆ ಕುಕ್ಕಿ ಅಡುಗೆಮನೆಗೆ ಹೋದೆ.

ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತದೆ, "ಟೆರಪಿ ಮೇಡಂ ನಾಳೆ ಬರಾಕಿಲ್ವಂತೆ. ನಿಮ್ಮಪ್ಪಂಗೆ ಏಳೋಗು" ಅಂದಳು.

"ನೀನೇ ಏಳು" ಅಂದೆ.

ಯಾವಾಗಲೂ ಅನ್ನುವುದೇ. ಎರಡು ವರ್ಷದಿಂದ ದಿನಕ್ಕೆ ಎಷ್ಟು ಸಲವೋ. ನೀನೇ ಏಳು. ಅವ್ರ್‌ಗೆ ಏಳು. ಮಗ್ಗದ ಕಡೆಯಿಂದ, ಅವ್ಳ್‌ಗೆ ಏಳು.

ಈರುಳ್ಳಿ ಬುಟ್ಟಿ ಹಿಡಿದುಕೊಂಡು ಅಲ್ಲೇ ನಿಂತೆ.

"ಏನಾಯ್ತೇ? ಯಾಕಂಗೆ ನಿಂತೆ?"

ಆ ದರಿದ್ರ ಸಾಫ್ಟ್‌ವೇರ್ ಸರಿಯಾಗಿಯೇ ಬರೆದಿತ್ತು. ಎದ್ದೇಳುವ ಏಳು ಅಲ್ಲ, ಲೆಕ್ಕದ ಏಳು ಅಲ್ಲ. ಹ ಇರುವ ಏಳು. ಹೇಳು. ಮಾತು ಹೋದದ್ದು ಅವರಿಗೆ, ಆದ್ದರಿಂದ ಹೇಳಬೇಕಾದವರು ಅವರೇ ಎಂದು ನಾವೆಲ್ಲ ಅವರ ಬಾಯಿಗೆ ಬಟನ್ ಕಟ್ಟುತ್ತಾ ಕೂತಿದ್ದೆವು. ಅವರು ನನಗೆ, ನೀನು ಹೇಳು ಅನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ದಿನದಿಂದ. ಬಾಯಿಯ ಮೇಲೆ ಕೈ ಇಟ್ಟದ್ದು ಮುಚ್ಚಲು ಅಲ್ಲ. ನನ್ನ ದನಿಯ ಬಟನ್ ಒತ್ತುತ್ತಿದ್ದದ್ದು ನೀರಿಗೂ ಅಲ್ಲ.

ಅಮ್ಮನಿಗೆ ಹೇಳಿದೆ. ಅವಳು ಚಾಕು ಕೆಳಗಿಟ್ಟಳು. "ಅಯ್ಯೋ, ಏಳ್ ಕಾಯಿ ದಂಡ" ಅಂದಳು. ಆಮೇಲೆ ಅಡುಗೆಮನೆಯ ಬಾಗಿಲು ಎಳೆದುಕೊಂಡು ಒಳಗೇ ಉಳಿದಳು.

ನಾನು ಅಂಗಡಿಗೆ ಹೋದೆ. ಇವತ್ತು ರಜೆ ಎಂದು ಅಲ್ಲಿ ಹೋದ ಮೇಲೆ ನೆನಪಾಯಿತು.

ಆಗಸ್ಟ್ 4, ಸೋಮವಾರ

ಕೆಲಸಕ್ಕೆ ಹೋಗುವ ಮೊದಲು ಮಂಚದ ತುದಿಯಲ್ಲಿ ಕೂತೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಹೀಗೆ ಗೊತ್ತಿಲ್ಲದವರಿಗೆ ಯಾರಾದರೂ ಒಂದು ಆ್ಯಪ್ ಮಾಡಬೇಕು.

"ಅಪ್ಪಾ" ಅಂದೆ. "ಟೆರಪಿ ಮೇಡಂ ಇವತ್ ಬರಾಕಿಲ್ವಂತೆ."

ಅಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಏಳು."

ಗ್ಯಾಸ್ ಆ್ಯಪಿನ ಕಥೆ ಹೇಳಿದೆ. ಬೂದು ಬಟನ್, ಪಳನಿ ತಾತ, ಹಬ್ಬದ ಶುಭಾಶಯ. ಬಾಯಿಯ ಎಡಭಾಗ ಮೇಲೆ ಹೋಯಿತು. ನಗು ಇರಬೇಕು, ಅರ್ಧ ಮಾತ್ರ ಬರುತ್ತದೆ. ಸೆಲ್ವಂ ಬೈಕಿಗೆ ಕಾಯಿ ತಾಗಿದ್ದು ಹೇಳಿದೆ. ಕಡಯಂಪಟ್ಟಿಯ ರಾಮಕ್ಕನ ಮನೆಯವರು ಚೊಂಬಿನ ಫೋಟೋ ಬದಲು ಕುರಿಯ ಫೋಟೋ ಕಳಿಸಿದ್ದು ಹೇಳಿದೆ. ಅವಳು ನೀರಿಗಿಂತ ಮೊದಲು ಕುರಿಯನ್ನು ಕೇಳುತ್ತಾಳಂತೆ. ನಿಲ್ಲಿಸಿದರೆ "ಏಳು". ಗಂಜಿಯ ಲೋಟ ನನ್ನ ಕೈಯಲ್ಲೇ ಇತ್ತು, ಮಾತಿನ ನಡುವೆ ಕುಡಿಸುತ್ತಿದ್ದೆ. ಯಾವಾಗ ಖಾಲಿಯಾಯಿತೋ ನೋಡಲಿಲ್ಲ.

ಆ್ಯಪ್‌ಗಳೆಲ್ಲ ಮುಗಿದವು. ಆಮೇಲೆ ಬೇರೆಯದು ಬಂತು. ನಾನು ತರಬೇಕೆಂದು ತಂದದ್ದಲ್ಲ.

"ಕಂಪ್ಯೂಟರ್ ಲ್ಯಾಬ್ ಬೀಗದ ಕೈ ನನ್ ಅತ್ರ ಇತ್ತು, ಗೊತ್ತಾ ನಿಂಗೆ? ಮಿಸ್ಸು ಬ್ಯಾರೆ ಯಾರ್‌ಗೂ ಕೊಡ್ತಿರ್ಲಿಲ್ಲ. ನಾನೇ ಬೆಳಿಗ್ಗೆ ಓಗಿ ತೆಗೀತಿದ್ದೆ. ಆ ಬೀಗದ ಕೈ ವಾಪಸ್ ಕೊಡಾಕೂ ಬುಡ್ಲಿಲ್ಲ ನೀನು. ದಾರ ಸುತ್ತು ಅಂದೆ. ಅಮ್ಮ ಎದ್ ಓಡಾಡ್ದಾಗ ಓಗು ಅಂತೀಯ ಅಂದ್ಕಂಡೆ. ದಿನಾ ಯೂನಿಫಾರಂ ಇಸ್ತ್ರಿ ಮಾಡಿ ಇಕ್ಕಂಡಿದ್ದೆ ಕಣಪ್ಪಾ, ದಿನಾ. ನಿಂಗ್ ಕಾಣ್ಲಿಲ್ವಾ? ರೇಷ್ಮೆ ಎಳೇಲಿ ಕೂದ್ಲಷ್ಟು ಗಂಟಿದ್ರೆ ಕಾಣ್ತದೆ ನಿಂಗೆ, ಅದ್ ಕಾಣ್ಲಿಲ್ವಾ? ಒಂದ್ ಮಾತು, ಒಂದೇ ಒಂದ್ ಮಾತು ಕೇಳ್ದ್ಯಾ ನನ್ನ, ನಿಂಗೇನ್ ಬೇಕಮ್ಮಿ ಅಂತ?"

ಜೋರಾಗಿತ್ತು. ಬೀದಿಯಲ್ಲಿ ಯಾರೋ ನಿಂತು ಮುಂದೆ ಹೋದರು.

"ಯಾಕಪ್ಪಾ? ಯಾಕ್ ನಿಲ್ಲಿಸ್ದೆ?"

ಅಪ್ಪನ ಬಾಯಿ ತೆರೆಯಿತು. ಏನೇನೋ ಪ್ರಯತ್ನಪಟ್ಟಿತು. ಈ ಸಲ ಏಳು ಕೂಡ ಬರಲಿಲ್ಲ. ಕತ್ತಿನ ನರ ಉಬ್ಬಿತು. ಇದಕ್ಕೆ ಉತ್ತರದ ಬಟನ್ ನಾನು ಮಾಡಿಲ್ಲ. ಏನು ಚಿತ್ರ ಹಾಕಬೇಕೆಂದೂ ಗೊತ್ತಿಲ್ಲ.

ದಿಂಬಿನ ಪಕ್ಕದಲ್ಲಿದ್ದ ಫೋನನ್ನು ಎಡಗೈಯಲ್ಲಿ ಎಳೆದುಕೊಂಡರು. ಹೆಬ್ಬೆರಳು ಚೊಂಬು ದಾಟಿತು, ತಟ್ಟೆ ದಾಟಿತು, ಅಮ್ಮನ ಮುಖದ ಮೇಲೆ ನಿಂತಿತು.

"ನೋಯ್ತೈತೆ" ಅಂದಿತು ನನ್ನ ದನಿ.

"ಎಲ್ಲಿ?" ಅಂದೆ. ಗಾಬರಿಯಾಯಿತು. "ತಲೇಲಾ? ಎದೇಲಾ? ಅಮ್ಮಾ, ಬಾ ಇಲ್ಲಿ! ಎಲ್ಲಪ್ಪಾ, ತೋರ್ಸು."

ಮತ್ತೆ ಒತ್ತಿದರು. "ನೋಯ್ತೈತೆ." ತಲೆ ಮುಟ್ಟಿಕೊಳ್ಳಲಿಲ್ಲ, ಎದೆ ಮುಟ್ಟಿಕೊಳ್ಳಲಿಲ್ಲ. ಫೋನ್ ಬಿಟ್ಟು ಅದೇ ಹೆಬ್ಬೆರಳನ್ನು ತಂದು ನನ್ನ ಕೆನ್ನೆಗೆ ಒತ್ತಿದರು. ಬಟನ್ ಒತ್ತುವ ಹಾಗೆಯೇ, ಹಿಡಿದುಕೊಂಡೇ ಇದ್ದರು.

ಅಂಗಡಿಗೆ ತಡವಾಯಿತು. ಸೆಲ್ವಂ ಬೈದ. ಪರವಾಗಿಲ್ಲ.

ಆ್ಯಪ್‌ನಲ್ಲಿ ಒಂದು ಕೊರತೆ ಇವತ್ತು ಗೊತ್ತಾಯಿತು. ನೋವು ಒತ್ತಿದರೆ ಎಲ್ಲಿ ಎಂದು ಕೇಳುವ ಎರಡನೇ ಪುಟ ಬೇಕು. ಒಂದು ಮೈಯ ಚಿತ್ರ, ತಲೆ, ಎದೆ, ಹೊಟ್ಟೆ, ಕಾಲು. ಸುಲಭ, ಒಂದು ಸಂಜೆಯ ಕೆಲಸ. ಮೈಯ ಚಿತ್ರ ಬರೆದಾಗಿದೆ. ಪಕ್ಕದಲ್ಲಿ ನನ್ನ ಫೋಟೋ ಇಡಲು ಜಾಗ ಬಿಟ್ಟಿದ್ದೇನೆ. ಅದನ್ನು ಒತ್ತಿದರೆ ಏನು ಅನ್ನಬೇಕೆಂದು ನಾಳೆ ಅಪ್ಪನನ್ನೇ ಕೇಳಬೇಕು.